ಅಜ್ಜಿಯ ಎಲೆಗೆ ಪಿಂಚಣಿ, ಅಮ್ಮನ ಎಲೆಗೆ?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಎಲೆ ಹೆಣೆಯಲು ಕಲಿತೆ. ಕ್ರೋಶಾ ಎಲೆ. ಕುರ್ತಿಯ ಕತ್ತಿನ ಅಂಚಿಗೆ, ಬ್ಯಾಗಿಗೆ, ಹೇರ್‌ಬ್ಯಾಂಡಿಗೆ ಹೊಲಿಯುತ್ತಾರಲ್ಲ, ಹೆಬ್ಬೆರಳಿನಷ್ಟು ಉದ್ದದ ಅಲಂಕಾರದ ಎಲೆ, ಅದು. ಮೊದಲನೆಯದಕ್ಕೆ 40 ನಿಮಿಷ ಹಿಡಿಯಿತು. ಮುಗಿದಾಗ ಅದು ಎಲೆಗಿಂತ ಕಂಬಳಿಹುಳುವಿನ ಹಾಗೆಯೇ ಕಾಣುತ್ತಿತ್ತು. ಅಮ್ಮ ನಕ್ಕು, ಸರ್ರನೆ ಬಿಚ್ಚಿ, ನೂಲನ್ನು ಮತ್ತೆ ನನ್ನ ಕೈಗೆ ಕೊಟ್ಟಳು. ಹಾಸ್ಟೆಲ್‌ಗೆ ಬಂದು ಹೇಳಿದಾಗ ರೂಮ್‌ಮೇಟ್ ಕೇಳಿದ, 'ಮೆಕ್ಯಾನಿಕಲ್ ಬಿಟ್ಟು ಇದೇನೋ ಹುಡುಗಿಯರ ಕೆಲಸ?' ಅವನಿಗೆ ಆಗ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲೆಯ ಲೆಕ್ಕ ಸರಳ. ಮೊದಲು 8 ಸರಪಳಿ ಹಾಕಬೇಕು. ಕಡ್ಡಿಯ ಪಕ್ಕದ ಒಂದು ಕಣ್ಣು ಬಿಟ್ಟು, ಉಳಿದ ಏಳರಲ್ಲಿ ಒಂದು ಸಿಂಗಲ್, ಒಂದು ಹಾಫ್ ಡಬಲ್, ಮೂರು ಡಬಲ್, ಒಂದು ಹಾಫ್ ಡಬಲ್, ಒಂದು ಸಿಂಗಲ್. ಗಿಡ್ಡದಿಂದ ಎತ್ತರಕ್ಕೆ, ಮತ್ತೆ ಎತ್ತರದಿಂದ ಗಿಡ್ಡಕ್ಕೆ. ಹಾಗಾಗಿಯೇ ನಡು ಉಬ್ಬಿ ಎಲೆಯ ಆಕಾರ ಬರುತ್ತದೆ. ತುದಿಯಲ್ಲಿ ಒಂದು ಸರಪಳಿ ಹಾಕಿ ತಿರುಗಿಸಿ, ಅದೇ ಸರಪಳಿಯ ಇನ್ನೊಂದು ಬದಿಯಲ್ಲಿ ಇದೇ ಏಳನ್ನು ಮತ್ತೆ ಹಾಕಬೇಕು. ಕೊನೆಗೆ ಸ್ಲಿಪ್ ಹಾಕಿ ಕೂಡಿಸಿ, ಐದು ಸರಪಳಿಯ ತೊಟ್ಟು ಬಿಟ್ಟರೆ ಎಲೆ ಸಿದ್ಧ. ಆಮೇಲೆ ನೂಲಿನ ಎರಡು ತುದಿಗಳನ್ನು ಸೂಜಿಯಿಂದ ಒಳಗೆ ಅಡಗಿಸಬೇಕು. ಹೊಸಬರು ತಪ್ಪುವುದು ತುದಿಯಲ್ಲಿ ತಿರುಗುವಾಗ. ಅಲ್ಲಿ ಒಂದು ಕಣ್ಣು ಹೆಚ್ಚು ಕಡಿಮೆಯಾದರೂ ಎಲೆ ಒಂದು ಕಡೆಗೆ ವಾಲುತ್ತದೆ.

ನನಗೆ ಇದು ಹವ್ಯಾಸ. ಅಮ್ಮನಿಗೆ ಸಂಪಾದನೆ. ಒಂದು ಎಲೆಗೆ 3 ರೂಪಾಯಿ. ನೂಲು ಕೊಡುವುದು ಊರಿಗೆ ಬರುವ ಏಜೆಂಟ್. ಅವರಿಗೆ ಕೊಡುವವರು ಇನ್ಯಾರೋ. ಅಮ್ಮನ ಕೈಗೆ ಒಂದು ಎಲೆಗೆ ಆರು ನಿಮಿಷ ಸಾಕು. ಗಂಟೆಗೆ 10 ಎಲೆ, 30 ರೂಪಾಯಿ. ಎಂಟು ಗಂಟೆ ತಲೆಯೆತ್ತದೆ ಕೂತರೆ 240 ರೂಪಾಯಿ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ. ಇಷ್ಟಕ್ಕೂ ಅಡುಗೆ, ದನ, ಅಂಗಳ ಬಿಟ್ಟು ಎಂಟು ಗಂಟೆ ಕೂರುವ ದಿನ ಅಮ್ಮನಿಗೆ ಸಿಗುವುದೇ ಇಲ್ಲ.

ನನ್ನ ಪರೀಕ್ಷಾ ಶುಲ್ಕಕ್ಕೆಂದು ಅಮ್ಮ ಒಮ್ಮೆ 300 ಎಲೆ ಹೆಣೆದು ಕೊಟ್ಟಳು. ಬರಬೇಕಾದದ್ದು 900 ರೂಪಾಯಿ. ಅದರಲ್ಲಿ 45 ಎಲೆಗಳ ಹಸಿರು 'ಸರಿ ಇಲ್ಲ' ಎಂದು ತಿರಸ್ಕಾರವಾಯಿತು. ನೂಲು ಅವರದ್ದೇ ಆಗಿತ್ತು. ಆದರೂ ಆ 45 ಎಲೆಗಳ ಕೂಲಿಯ ಜೊತೆಗೆ ನೂಲಿನ ಬಾಬ್ತು 40 ರೂಪಾಯಿಯನ್ನೂ ಮುರಿದುಕೊಂಡರು. ಕೈಗೆ ಬಂದದ್ದು 725. 'ಅಕ್ಕಾ, ಮೇಲಿನವರು ಒಪ್ಪಲಿಲ್ಲ, ನಾನೇನು ಮಾಡಲಿ?' ಎಂದು ಏಜೆಂಟ್ ಹೊರಟರು. ತಿರಸ್ಕರಿಸಿದ ಎಲೆಗಳು ಮಾತ್ರ ವಾಪಸ್ ಬರಲಿಲ್ಲ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಒಂದೇ ಪ್ರಶ್ನೆ ಕೇಳಿದಳು: 'ನಿನ್ನ ಪಾಸ್‌ಬುಕ್ ಎಲ್ಲಿದೆ?'

ಆ ಪ್ರಶ್ನೆ ಅರ್ಥವಾಗಲು ನಮ್ಮ ಊರಿನ ಕಥೆ ಗೊತ್ತಿರಬೇಕು. ನಮ್ಮದು ಬಂಟ್ವಾಳ ತಾಲ್ಲೂಕು. ಇಲ್ಲಿ ಒಂದು ಕಾಲಕ್ಕೆ ಬೀಡಿ ಕಟ್ಟದ ಮನೆ ಹುಡುಕಬೇಕಿತ್ತು. ಅಜ್ಜಿ ಹದಿನಾಲ್ಕನೇ ವಯಸ್ಸಿನಿಂದ ಬೀಡಿ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿದವಳು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಆ ಕೆಲಸ ಅವಳಿಗೆ ಕೆಮ್ಮನ್ನೂ ಬೆನ್ನುನೋವನ್ನೂ ಕೊಟ್ಟಿದೆ, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಅದೇ ಕೆಲಸ ಅವಳಿಗೆ ಪ್ರಾವಿಡೆಂಟ್ ಫಂಡ್ ಕೊಟ್ಟಿತು, ತಿಂಗಳು ತಿಂಗಳು ಸಣ್ಣದೊಂದು ಪಿಂಚಣಿ ಕೊಡುತ್ತಿದೆ. ಅಜ್ಜಿಯೂ ಮನೆಯಲ್ಲೇ ಕೂತು ಕೆಲಸ ಮಾಡಿದವಳು, ಅಮ್ಮನೂ ಮನೆಯಲ್ಲೇ. ಇಬ್ಬರದ್ದೂ ಎಲೆ, ಇಬ್ಬರದ್ದೂ ನೂಲು, ಇಬ್ಬರಿಗೂ ಎಣಿಕೆಯ ಮೇಲೆ ಕೂಲಿ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿದೆ?

ನಮ್ಮ ತರಗತಿಯಲ್ಲಿ ಈಗ ದಿನವೂ ಕೇಳುವ ಒಂದು ಉಪದೇಶವಿದೆ: 'ಯಂತ್ರಕ್ಕೆ ಬಾರದ ಕೆಲಸ ಕಲಿಯಿರಿ, ನಿಮ್ಮನ್ನು ಯಾರೂ ಅಲುಗಾಡಿಸಲಾರರು.' ಕೃತಕ ಬುದ್ಧಿಮತ್ತೆ ಬಂದಮೇಲೆ ಪ್ಲೇಸ್‌ಮೆಂಟ್ ತರಬೇತಿಗೆ ಬರುವವರೆಲ್ಲ ಇದನ್ನೇ ಹೇಳುತ್ತಾರೆ. ಈ ಮಾತನ್ನು ಪರೀಕ್ಷಿಸಲು ಕ್ರೋಶಾಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸ್ವೆಟರ್ ಹೆಣೆಯುವ ನಿಟ್ಟಿಂಗ್‌ನಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ತೆರೆದೇ ಇರುತ್ತವೆ. ನೂರಾರು ಸೂಜಿಗಳನ್ನು ಸಾಲಾಗಿ ನಿಲ್ಲಿಸಿದರೆ ಯಂತ್ರ ಅದನ್ನು ಸಲೀಸಾಗಿ ಮಾಡುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಪ್ರತಿ ಹೊಲಿಗೆಯೂ ಮುಗಿದು ಮುಚ್ಚಿಕೊಂಡ ಮೇಲೆಯೇ ಮುಂದಿನದು. ಕಡ್ಡಿ ಮುಂದೆ ಎಲ್ಲಿ ಬೇಕಾದರೂ ನುಗ್ಗಬಹುದು, ಯಾವ ದಿಕ್ಕಿಗೂ ತಿರುಗಬಹುದು. ಜರ್ಮನಿಯ ಬೀಲೆಫೆಲ್ಡ್‌ನ ಸಂಶೋಧಕರು ನಿಜವಾದ ಕ್ರೋಶಾ ಹೊಲಿಗೆ ಹಾಕುವ ಒಂದು ಮಾದರಿ ಯಂತ್ರ ಮಾಡಿದ್ದಾರೆ, ನಿಜ. ಆದರೆ ಮಾರುಕಟ್ಟೆಗೆ ಬರುವ ಕ್ರೋಶಾ ಇಂದಿಗೂ ಕೈಯದ್ದೇ. ಕ್ರೋಶಾದ ಹಾಗೆ ಕಾಣುವ ಯಂತ್ರದ ಬಟ್ಟೆ ಬೇರೊಂದು ಬಗೆಯ ಹೆಣಿಗೆ.

ಅಂದರೆ ಯಂತ್ರಕ್ಕೆ ಬಾರದ ಕೆಲಸ ಅಮ್ಮನಿಗೆ ಬರುತ್ತದೆ. ಆದರೂ ಗಂಟೆಗೆ 30 ರೂಪಾಯಿ. ಯಂತ್ರಕ್ಕೆ ಬಾರದಿದ್ದರೂ ಪಕ್ಕದ ಮನೆಯವರಿಗೆ ಬರುತ್ತದೆ. ಅವರಿಗೂ ದುಡ್ಡಿನ ಅಗತ್ಯವಿದೆ, ಅವರನ್ನೂ ಇವಳನ್ನೂ ಒಟ್ಟಿಗೆ ಕೂರಿಸಿ ದರ ಮಾತಾಡುವವರು ಯಾರೂ ಇಲ್ಲ. ಕೌಶಲವೊಂದೇ ಕೂಲಿಯನ್ನು ಕಾಯುವುದಿಲ್ಲ.

ಇದು ಬರೀ ನಮ್ಮ ಮನೆಯ ಕಥೆಯಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ ಕ್ರೋಶಾ ಲೇಸಿಗೆ ಹೆಸರುವಾಸಿ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳಿಂದ ಬಂದ ಕಸುಬು ಅಲ್ಲಿನ ಹಳ್ಳಿ ಹಳ್ಳಿಯ ಹೆಂಗಸರ ಕೈಗೆ ಹತ್ತಿತು, ವಿದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡುಕೊಂಡದ್ದು ಇಷ್ಟು: ಜಗತ್ತಿನ ಮಾರುಕಟ್ಟೆಗೆ ದುಡಿಯುವ ಈ ಹೆಂಗಸರನ್ನು ಕಾರ್ಮಿಕರೆಂದು ಯಾರೂ ಕರೆಯುವುದಿಲ್ಲ, 'ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರ ಬಿಡುವಿನ ಕೆಲಸ' ಎನ್ನುತ್ತಾರೆ. ಬಿಡುವಿನ ಕೆಲಸ ಎಂದಮೇಲೆ ಕೂಲಿಯೂ ಬಿಡಿಗಾಸು. 2024ರಲ್ಲಿ ನರಸಾಪುರದ ಲೇಸಿಗೆ ಜಿಐ ಮಾನ್ಯತೆ ಸಿಕ್ಕಿತು. ಸಂತೋಷದ ಸಂಗತಿ. ಆದರೆ ಜಿಐ ಕಾಪಾಡುವುದು ಹೆಸರನ್ನು. ಹೆಣೆದವಳಿಗೆ ಎಷ್ಟು ಕೊಡಬೇಕೆಂದು ಅದು ಹೇಳುವುದಿಲ್ಲ. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಟಿ.ವಿ.ಯಲ್ಲಿ ರಫ್ತುದಾರರು ಮಾತಾಡಿದರು. ಇಂಥ ಹೊಡೆತ ಬಿದ್ದಾಗ ಖರೀದಿದಾರ ರಫ್ತುದಾರನಿಗೆ 'ದರ ಇಳಿಸು' ಎನ್ನುತ್ತಾನೆ, ರಫ್ತುದಾರ ಏಜೆಂಟನಿಗೆ ಹೇಳುತ್ತಾನೆ, ಏಜೆಂಟ್ ಅಂಗಳಕ್ಕೆ ಬರುತ್ತಾನೆ. ಕಾಗದದ ಮೇಲೆ ದರ ಬರೆದಿಲ್ಲದವಳು ಆ ಸಾಲಿನ ಕೊನೆಯಲ್ಲಿರುತ್ತಾಳೆ.

ಬೀಡಿಗೂ ಇದೇ ಗತಿ ಆಗಬಹುದಿತ್ತು. ಆಗಲಿಲ್ಲ, ಏಕೆಂದರೆ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಹೇಳಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ, ಕಾಯ್ದೆಯ ಮುಖ್ಯ ಚೌಕಟ್ಟನ್ನು ಎತ್ತಿಹಿಡಿಯಿತು. ನಡುವೆ ಗುತ್ತಿಗೆದಾರ ಇದ್ದಾನೆಂದು ಮೂಲ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಗಟ್ಟಿಯಾಯಿತು. ಕಾಯ್ದೆಯಲ್ಲಿ ಇನ್ನೊಂದು ಅಂಶ ಓದಿ ನಾನು ಎರಡು ನಿಮಿಷ ಸುಮ್ಮನೆ ಕೂತೆ: ಕಚ್ಚಾವಸ್ತು ಕೊಡುವುದು, ಬೀಡಿ ತಿರಸ್ಕರಿಸುವುದು, ತಿರಸ್ಕರಿಸಿದ ಬೀಡಿಯ ಕೂಲಿ, ಈ ಮೂರರ ತಕರಾರು ಬಗೆಹರಿಸಲು ಪ್ರಾಧಿಕಾರ ಇರಬೇಕೆಂದು ಅದು ಹೇಳಿತ್ತು. ಅಮ್ಮನ 45 ಎಲೆಗಳ ತಕರಾರಿಗೆ ಬೇಕಾಗಿದ್ದದ್ದು ಅದೇ. ಅಜ್ಜಿ ಕೇಳಿದ ಪಾಸ್‌ಬುಕ್ ಎಂದರೆ ಕೊಟ್ಟ ಎಲೆ, ತಂದ ಬೀಡಿ, ಸಿಕ್ಕ ಕೂಲಿ ಬರೆದಿಡುವ ಪುಸ್ತಕ. ಬರೆದದ್ದಕ್ಕೆ ಸಾಕ್ಷಿ ಇರುತ್ತದೆ. ಸಾಕ್ಷಿ ಇದ್ದರೆ ಸಂಘ ಕಟ್ಟಬಹುದು, ಪಿ.ಎಫ್. ಕೇಳಬಹುದು.

ಈಗ ಏನಿದೆ? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಬೀಡಿ ಕಾಯ್ದೆಯೂ ಅವುಗಳಲ್ಲೇ ಸೇರಿಹೋಯಿತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 'ಮನೆ ಆಧಾರಿತ ಕಾರ್ಮಿಕ' ಎಂಬ ವ್ಯಾಖ್ಯೆ ಇದೆ. ಓದಿದರೆ ಅಮ್ಮನನ್ನೇ ನೋಡಿ ಬರೆದ ಹಾಗಿದೆ. ವೇತನ ಸಂಹಿತೆ ತುಂಡುಕೂಲಿಗೂ ಕನಿಷ್ಠ ದರ ನಿಗದಿ ಮಾಡಲು ಅವಕಾಶ ಕೊಟ್ಟಿದೆ. ಕಾಗದದಲ್ಲಿ ಬಾಗಿಲು ತೆರೆದಿದೆ. ಆದರೆ ಆ ಬಾಗಿಲು ದಾಟಲು 'ನಿನ್ನ ಮಾಲೀಕ ಯಾರು?' ಎಂಬ ಪ್ರಶ್ನೆಗೆ ಉತ್ತರ ಬೇಕು. ಅಮ್ಮನಿಗೆ ಗೊತ್ತಿರುವುದು ಏಜೆಂಟ್‌ನ ಮೊಬೈಲ್ ನಂಬರ್ ಮಾತ್ರ. ಮನೆ ಆಧಾರಿತ ದುಡಿಮೆ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ 177ನೇ ಒಪ್ಪಂದ ಮಾಡಿತ್ತು. ಭಾರತ ಅದನ್ನು ಅನುಮೋದಿಸಿಲ್ಲ.

ಇದೇ 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ತಂದಿತು. ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿಗಳು ಕಟ್ಟಬೇಕು. ನಮ್ಮ ಸೀನಿಯರ್‌ಗಳಲ್ಲಿ ಕೆಲವರು ಓದು ಮುಗಿಸಿ ಡೆಲಿವರಿ ಬ್ಯಾಗ್ ಹೊತ್ತಿದ್ದಾರೆ, ಅವರಿಗೆ ಇದು ದೊಡ್ಡ ಹೆಜ್ಜೆ. ಆದರೆ ಯೋಚಿಸಿ: ತುಂಡಿಗಿಷ್ಟು ಕೂಲಿ, ತಿರಸ್ಕಾರದ ಭಯ, ಕಾಣದ ಮಾಲೀಕ ಎಂಬ ವ್ಯವಸ್ಥೆಯನ್ನು ಆ್ಯಪ್ ಕಂಡುಹಿಡಿಯಲಿಲ್ಲ. ನಮ್ಮ ಅಮ್ಮಂದಿರು ಆ್ಯಪ್ ಇಲ್ಲದ ಗಿಗ್ ಕಾರ್ಮಿಕರು. ರಸ್ತೆಯಲ್ಲಿ ಬಣ್ಣದ ಟೀಶರ್ಟ್ ಹಾಕಿದವರು ಕಾಣಿಸುತ್ತಾರೆ, ಜಗಲಿಯಲ್ಲಿ ಕೂತವರು ಕಾಣಿಸುವುದಿಲ್ಲ. ಕಾಯ್ದೆ ಕಾಣಿಸಿದವರ ಕಡೆಗೆ ಮೊದಲು ಬಂದಿದೆ. ಜಗಲಿಯ ಕಡೆಗೂ ಬರಬೇಕು. ತುಂಡುಕೂಲಿಯ ಕನಿಷ್ಠ ದರ ಪ್ರಕಟವಾಗಬೇಕು, ಕೆಲಸ ಕೊಡುವವರು ಲೆಕ್ಕದ ಪುಸ್ತಕ ಕೊಡುವುದು ಕಡ್ಡಾಯವಾಗಬೇಕು.

ಉದ್ಯೋಗ ಹುಡುಕುತ್ತಿರುವ ಗೆಳೆಯರಿಗೆ ನನ್ನದೊಂದು ಮನವಿ. ನಾಳೆ ನಮಗೂ ಕೆಲಸ 'ಪ್ರಾಜೆಕ್ಟ್‌ಗಿಷ್ಟು' ಎಂದು ಬರಬಹುದು. ಹೊಸ ಕೌಶಲ ಕಲಿಯೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಕರಾರಿನಲ್ಲಿ ಮಾಲೀಕನ ಹೆಸರು ಇದೆಯೇ, ತಿರಸ್ಕರಿಸಿದರೆ ಯಾರ ಹೊಣೆ ಎಂದು ಬರೆದಿದೆಯೇ ಎಂದು ಓದಲೂ ಕಲಿಯೋಣ. ಜಾತ್ರೆಯಲ್ಲೋ ಮಾಲ್‌ನಲ್ಲೋ ಅಗ್ಗದ ಕ್ರೋಶಾ ಬ್ಯಾಗ್ ಕಂಡರೆ ಅದರ ಮೇಲಿನ ಎಲೆಗಳನ್ನು ಒಮ್ಮೆ ಎಣಿಸಿ. ಎಲೆಗೆ ಆರು ನಿಮಿಷ. ಲೆಕ್ಕ ತಾನಾಗಿ ಹೊರಬರುತ್ತದೆ.

ರಜೆ ಮುಗಿಸಿ ಹೊರಡುವ ಮೊದಲು ನನ್ನ ಹಳೆಯ ಎಂಜಿನಿಯರಿಂಗ್ ಡ್ರಾಯಿಂಗ್ ನೋಟ್‌ಬುಕ್‌ನ ಖಾಲಿ ಹಾಳೆಗಳಿಗೆ ಗೆರೆ ಎಳೆದುಕೊಟ್ಟೆ. ತಾರೀಕು, ಬಂದ ನೂಲು, ಕೊಟ್ಟ ಎಲೆ, ತಿರಸ್ಕಾರ, ಕೈಗೆ ಬಂದ ಹಣ, ಕೊನೆಗೆ ಏಜೆಂಟ್‌ನ ಸಹಿ. ಮೊದಲ ವಾರ ಅವರು ಸಹಿ ಹಾಕಲು ಒಪ್ಪಲಿಲ್ಲವಂತೆ. ಎರಡನೇ ವಾರ ಅಮ್ಮನ ಜೊತೆ ಪಕ್ಕದ ಮೂರು ಮನೆಯವರೂ ಪುಸ್ತಕ ಹಿಡಿದು ನಿಂತಿದ್ದರಂತೆ. ಅವತ್ತು ಸಹಿ ಬಿತ್ತು. ದರ ಇನ್ನೂ 3 ರೂಪಾಯಿಯೇ. ಆದರೆ ಆ ವಾರ ಒಂದು ಎಲೆಯೂ ತಿರಸ್ಕಾರವಾಗಲಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದಳು.