ವೇಗಕ್ಕೊಂದು ಕಣ ಬೇಕು

ಇಂಗ್ಲೆಂಡಿನಲ್ಲಿ ಶನಿವಾರ, ಆದಿತ್ಯವಾರ ಬಂತೆಂದರೆ ಒಂದು ಬಗೆಯ ಜನರು ಮಳೆಯನ್ನೂ ಲೆಕ್ಕಿಸದೆ ಮನೆಯಿಂದ ಹೊರಡುತ್ತಾರೆ. ವಾರವಿಡೀ ಗುಮಾಸ್ತರಾಗಿಯೋ, ಮೆಕ್ಯಾನಿಕರಾಗಿಯೋ, ಅಧ್ಯಾಪಕರಾಗಿಯೋ ದುಡಿದವರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಟ್ರೈಲರಿಗೇರಿಸಿ, ನಾಲ್ಕು ಮಂದಿ ಗೆಳೆಯರನ್ನು ಕೂಡಿಕೊಂಡು ಓಟದ ಕಣಕ್ಕೆ ಹೋಗುತ್ತಾರೆ. ಗೆದ್ದವನಿಗೆ ಸಿಗುವುದು ಒಂದು ಸಣ್ಣ ಬಟ್ಟಲು. ಸೋತವನಿಗೆ ಒದ್ದೆ ಬಟ್ಟೆ. ಆದರೂ ಮುಂದಿನ ಓಟಕ್ಕೆ ಇಬ್ಬರೂ ಹಾಜರು. ಕಾರು ಓಟವೆಂದರೆ ಕೋಟ್ಯಧೀಶರ ಮೋಜು ಎಂದು ತಿಳಿದಿರುವ ನಮ್ಮ ಓದುಗರಿಗೆ ಇದು ಸೋಜಿಗವೆನಿಸಬಹುದು. ಈ ವಿಷಯವನ್ನು ನಾವಿಲ್ಲಿ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಹೆದ್ದಾರಿಗಳಲ್ಲೂ ಮಳೆಯಲ್ಲಿ ಓಟ ನಡೆಯುತ್ತಿದೆ. ಆದರೆ ಅದಕ್ಕೆ ಕಣವಿಲ್ಲ, ಬಾವುಟವಿಲ್ಲ, ಕಟ್ಟಳೆಯಿಲ್ಲ.

ಹವ್ಯಾಸವೆಂದರೇನೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲು ತೋಟದಲ್ಲೋ ಶಾಲೆಯಲ್ಲೋ ದುಡಿದು, ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಇಲ್ಲಿ ಊರಿಗೆ ಹತ್ತು ಮಂದಿ ಸಿಗುತ್ತಾರೆ. ಅವರಿಗೆ ಸಂಭಾವನೆ ಮುಖ್ಯವಲ್ಲ. ಪ್ರಸಂಗದ ನಡೆ ತಪ್ಪಬಾರದು, ಭಾಗವತರ ಮಾತಿಗೆ ಮನ್ನಣೆ ಇರಬೇಕು. ಹವ್ಯಾಸಿ ಕಾರು ಓಟದವರೂ ಅಂಥವರೇ. 1939ರಲ್ಲಿ ಅಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ಬಿಗೆ ಮೂಲವಾದದ್ದು ಆಸ್ಟಿನ್ ಸೆವೆನ್ ಎಂಬ ಅಗ್ಗದ ಪುಟ್ಟ ಕಾರು. ಅದರ ಎಂಜಿನಿನ ಗಾತ್ರ ಬರೇ 747 ಸಿ.ಸಿ. ಹಳೆಯ ಆಸ್ಟಿನ್ ಕಾರೊಂದನ್ನು ಬಿಚ್ಚಿ, ತಿದ್ದಿ, ಓಟದ ಕಾರು ಕಟ್ಟಿ ಆರಂಭಿಸಿದ ತರುಣರಲ್ಲಿ ಕಾಲಿನ್ ಚಾಪ್‌ಮನ್ ಒಬ್ಬರು. ಮುಂದೆ ಲೋಟಸ್ ಎಂಬ ಪ್ರಸಿದ್ಧ ಕಾರುಗಳ ಸಂಸ್ಥೆ ಅವರಿಂದ ಬೆಳೆಯಿತು. ಹಣವಿದ್ದವರಷ್ಟೇ ಆಡುವ ಆಟ ಇದಾಗಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಎರಡನೇ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನ ತುಂಬ ಪಾಳುಬಿದ್ದ ವಿಮಾನ ನಿಲ್ದಾಣಗಳಿದ್ದವು. ಸಿಲ್ವರ್‌ಸ್ಟೋನ್ ಅವುಗಳಲ್ಲೊಂದು. 1947ರ ಸೆಪ್ಟೆಂಬರಿನಲ್ಲಿ ಹನ್ನೆರಡು ಮಂದಿ ಗೆಳೆಯರು ಯಾರ ಅಪ್ಪಣೆಯನ್ನೂ ಕೇಳದೆ ಅಲ್ಲಿ ಎರಡು ಮೈಲಿನ ಸುತ್ತೊಂದನ್ನು ಗೊತ್ತುಮಾಡಿ ತಮ್ಮ ಕಾರುಗಳನ್ನು ಓಡಿಸಿದರು. ಎಲ್ಲಿಂದಲೋ ಅಡ್ಡ ಬಂದ ಕುರಿಯೊಂದು ಒಂದು ಕಾರಿಗೆ ಸಿಕ್ಕಿ ಸತ್ತಿತು, ಕಾರೂ ಉಳಿಯಲಿಲ್ಲ. ಆ ಓಟಕ್ಕೆ ‘ಕುರಿಮಾಂಸದ ಗ್ರ್ಯಾನ್ ಪ್ರಿ’ ಎಂದು ಜನ ತಮಾಷೆಯ ಹೆಸರಿಟ್ಟರು. ಮರುವರ್ಷ ಅಲ್ಲಿನ ರಾಯಲ್ ಆಟೋಮೊಬೈಲ್ ಕ್ಲಬ್ ಅದೇ ಜಾಗವನ್ನು ಗೇಣಿಗೆ ಪಡೆದು, ಹುಲ್ಲಿನ ಪಿಂಡಿಗಳ ಅಂಚು ಕಟ್ಟಿ, 1948ರ ಅಕ್ಟೋಬರ್ 2ರಂದು ದೊಡ್ಡ ಓಟವನ್ನೇ ನಡೆಸಿತು. ಕುರಿ ಸತ್ತ ಜಾಗಕ್ಕೆ ಒಂದೇ ವರ್ಷದಲ್ಲಿ ಕ್ರಮ ಬಂತು.

ಅದೇ ದಿನ, ಅದೇ ಅಕ್ಟೋಬರ್ 2ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಪುಟ್ಟ ಊರಿನಲ್ಲಿ ಇನ್ನೊಂದು ಹವ್ಯಾಸಿ ಓಟ ನಡೆಯಿತು. ಕಾನೂನು ವಿದ್ಯಾರ್ಥಿಯಾಗಿದ್ದ ಕ್ಯಾಮರನ್ ಆರ್ಗೆಟ್ಸಿಂಗರ್ ಅದರ ಸೂತ್ರಧಾರ. ಆದರೆ ಅಲ್ಲಿನವರು ಆರಿಸಿದ್ದು ಊರಿನ ಸಾರ್ವಜನಿಕ ರಸ್ತೆಗಳನ್ನು. 6.6 ಮೈಲಿನ ಸುತ್ತು. ಅದರಲ್ಲಿ ಡಾಮರು, ಕಾಂಕ್ರೀಟು, ಮಣ್ಣಿನ ದಾರಿ ಎಲ್ಲವೂ ಇದ್ದವು. ರೈಲು ಹಳಿಯನ್ನೂ ದಾಟಬೇಕಿದ್ದುದರಿಂದ ಓಟ ಮುಗಿಯುವ ತನಕ ರೈಲನ್ನು ತಡೆಹಿಡಿಯಲಾಗಿತ್ತು. ಊರಿಗೆ ಊರೇ ಸಂಭ್ರಮಿಸಿತು. ಜನ ಅಂಗಡಿಗಳ ಮುಂದೆ, ಬೀದಿಯ ಅಂಚಿನಲ್ಲಿ ನಿಂತು ನೋಡಿದರು. ವರ್ಷದಿಂದ ವರ್ಷಕ್ಕೆ ಜನಸಂದಣಿ ಹೆಚ್ಚಿತು, ಕಾರುಗಳ ವೇಗವೂ ಹೆಚ್ಚಿತು. 1952ರಲ್ಲಿ ಬೀದಿಯಂಚಿನಲ್ಲಿ ಓಟ ನೋಡುತ್ತಿದ್ದ ಏಳು ವರ್ಷದ ಬಾಲಕನೊಬ್ಬ ಕಾರು ತಗಲಿ ಸತ್ತ, ಹಲವರು ಗಾಯಗೊಂಡರು.

ಆ ಊರಿನವರು ಮುಂದೆ ಮಾಡಿದ್ದೇನು ಎಂಬುದು ನಮಗೆ ಪಾಠವಾಗತಕ್ಕದ್ದು. ಇದು ವಿಧಿಯೆಂದು ಅವರು ಕೈಚೆಲ್ಲಲಿಲ್ಲ. ತರುಣರ ಆಸೆಯೇ ತಪ್ಪೆಂದು ಅದನ್ನು ಹೊಸಕಲೂ ಇಲ್ಲ. ಮರುವರ್ಷವೇ ಓಟವನ್ನು ಪೇಟೆಯಿಂದ ಹೊರಗಿನ ಗುಡ್ಡದ ದಾರಿಗಳಿಗೆ ಸಾಗಿಸಿದರು. 1956ರಲ್ಲಿ ಓಟಕ್ಕೆಂದೇ 2.3 ಮೈಲಿನ ಪ್ರತ್ಯೇಕ ಕಣವನ್ನು ಕಟ್ಟಿದರು. 1961ರಿಂದ 1980ರ ತನಕ ಅಮೆರಿಕದ ಫಾರ್ಮುಲಾ ಒನ್ ಸ್ಪರ್ಧೆ ನಡೆದದ್ದು ಅದೇ ಕಣದಲ್ಲಿ. ಒಂದು ಮಗುವಿನ ಸಾವಿನ ಬಳಿಕ ಬೀದಿ ಬೀದಿಯಾಗಿಯೇ ಉಳಿಯಿತು. ವೇಗಕ್ಕೆ ಅದರದೇ ಜಾಗ ದೊರೆಯಿತು.

ಇನ್ನು ಅಂಥ ಕಣದೊಳಗಿನ ಶಿಸ್ತನ್ನು ನೋಡೋಣ. ಹವ್ಯಾಸಿ ಓಟದ ದಿನ ಕಾರು ಕಣಕ್ಕಿಳಿಯುವ ಮೊದಲು ತಪಾಸಣೆಯಾಗಬೇಕು. ಬ್ರೇಕು, ಟಯರು, ಸೀಟಿನ ಪಟ್ಟಿ, ಹೆಲ್ಮೆಟ್ಟು, ಬೆಂಕಿ ಆರಿಸುವ ಸಾಧನ, ಒಂದೊಂದನ್ನೂ ಪರೀಕ್ಷಕರು ಮುಟ್ಟಿ ನೋಡುತ್ತಾರೆ. ಒಂದು ತಿರುಪು ಸಡಿಲವಿದ್ದರೂ ಕಾರು ಹಿಂದಕ್ಕೆ. ‘ಪರಿಚಯದವರು, ಹೋಗಲಿ ಬಿಡಿ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಬಳಿಕ ಚಾಲಕರನ್ನೆಲ್ಲ ಕೂಡಿಸಿ ನಿಯಮಗಳನ್ನು ಹೇಳುತ್ತಾರೆ. ಸುತ್ತಿನ ಪ್ರತಿ ತಿರುವಿನಲ್ಲೂ ಮಾರ್ಷಲರು ಬಾವುಟ ಹಿಡಿದು ನಿಂತಿರುತ್ತಾರೆ. ಹಳದಿ ಬಾವುಟವೆಂದರೆ ಮುಂದೆ ಅಪಾಯ, ಹಿಂದಿಕ್ಕಬಾರದು. ಹಳದಿಯ ಮೇಲೆ ಕೆಂಪು ಪಟ್ಟೆಗಳಿದ್ದರೆ ದಾರಿ ಜಾರುತ್ತಿದೆ. ಬರೇ ಕೆಂಪಾದರೆ ಓಟ ನಿಂತಿತು. ಬಾವುಟಕ್ಕೆ ಭಾಷೆಯ ಹಂಗಿಲ್ಲ. ಯಾವ ದೇಶದವನಿಗೂ ಅದು ತಿಳಿಯುತ್ತದೆ. ಈ ಮಾರ್ಷಲರು ಸಂಬಳದವರಲ್ಲ, ಸ್ವಯಂಸೇವಕರು. ಮಳೆಯಂಗಿ ತೊಟ್ಟು, ಬುತ್ತಿ ಕಟ್ಟಿಕೊಂಡು ಬಂದು, ದಿನವಿಡೀ ನೆನೆಯುತ್ತ ಇತರರ ಜೀವ ಕಾಯುತ್ತಾರೆ. ಕಾರು ಓಡಿಸುವವನಿಗಿಂತ ಅವರ ಹವ್ಯಾಸ ದೊಡ್ಡದೆಂದು ನಾವು ತಿಳಿಯುತ್ತೇವೆ.

ಮಳೆ ಬಂದಾಗ ನುರಿತ ಚಾಲಕನೂ ತಗ್ಗಿ ನಡೆಯಬೇಕಾಗುತ್ತದೆ. ಒಣಗಿದ ಕಣದಲ್ಲಿ ಕಾರುಗಳು ಮತ್ತೆ ಮತ್ತೆ ಓಡಿದ ಜಾಡಿನಲ್ಲಿ ಟಯರಿನ ರಬ್ಬರು ಮೆತ್ತಿಕೊಂಡಿರುತ್ತದೆ. ಒಣಗಿದ್ದಾಗ ಅದು ಹಿಡಿತ ಕೊಡುತ್ತದೆ, ನೆನೆದೊಡನೆ ಅದೇ ಜಾರುಗಂಬವಾಗುತ್ತದೆ. ಆದುದರಿಂದ ಬಲ್ಲವರು ಮಳೆಯಲ್ಲಿ ಆ ಜಾಡನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ನಮ್ಮ ರಸ್ತೆಯಲ್ಲಿ ಮೊದಲ ಮಳೆಗೆ ಎಣ್ಣೆ, ಧೂಳು ಮೇಲಕ್ಕೆ ತೇಲಿ ಜಾರುವುದೂ ಇದೇ ಬಗೆ. ರಸ್ತೆಯ ಮೇಲೆ ನೀರು ನಿಂತಿದ್ದು ವೇಗ ಹೆಚ್ಚಾದರೆ, ಟಯರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೆಯೇ ತೇಲತೊಡಗುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದು, ಬ್ರೇಕು ಒತ್ತಿದರೂ ನಿಲ್ಲದು. ಟಯರಿನ ಗೆರೆಗಳು ಇರುವುದೇ ನೀರನ್ನು ಹೊರಗೆ ಹರಿಸಲು. ಅವು ಸವೆದಷ್ಟೂ ಕಡಿಮೆ ವೇಗದಲ್ಲೇ ಈ ತೇಲಾಟ ಆರಂಭವಾಗುತ್ತದೆ.

ಹೈಸ್ಕೂಲಿನ ಮಕ್ಕಳಿಗೆ ಗೊತ್ತಿರುವ ಒಂದು ಲೆಕ್ಕವೂ ಇಲ್ಲಿದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಕಾರು ಸಾಗುವ ದೂರ ನಾಲ್ಮಡಿಯಾಗುತ್ತದೆ. ಬ್ರಿಟಿಷರ ರಸ್ತೆ ನಿಯಮಾವಳಿಯ ಪ್ರಕಾರ ಗಂಟೆಗೆ 30 ಮೈಲು, ಅಂದರೆ ಸುಮಾರು 48 ಕಿಲೋಮೀಟರ್ ವೇಗದ ಕಾರು ನಿಲ್ಲಲು 23 ಮೀಟರ್ ಬೇಕು. 60 ಮೈಲಿನ ವೇಗದಲ್ಲಿ 73 ಮೀಟರ್ ಬೇಕು. ಇದು ಒಣ ರಸ್ತೆಯ ಮಾತು. ಒದ್ದೆಯಾದರೆ ಮುಂದಿನ ವಾಹನದಿಂದ ಕಡಿಮೆಯೆಂದರೂ ಇಮ್ಮಡಿ ಅಂತರ ಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಶಾಲೆಯ ಎದುರು ರಸ್ತೆ ದಾಟುವ ಮಗುವಿಗೂ ಬರುತ್ತಿರುವ ಬೈಕಿಗೂ ನಡುವೆ ಅಷ್ಟು ಎಡೆ ಇರುತ್ತದೆಯೇ ಎಂದು ಹೆತ್ತವರು ಒಮ್ಮೆ ಯೋಚಿಸಬೇಕು.

ಜಗತ್ತಿನ ಅತಿ ಕುಶಲ ಚಾಲಕರನ್ನೂ ಮಳೆ ಬಿಟ್ಟಿಲ್ಲ. 1966ರ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾ ಎಂಬಲ್ಲಿ ನಡೆದ ಓಟದ ಮೊದಲ ಸುತ್ತಿನಲ್ಲೇ ಸುರಿದ ಮಳೆಗೆ ಹಲವು ಕಾರುಗಳು ದಾರಿ ತಪ್ಪಿದವು. ಜ್ಯಾಕಿ ಸ್ಟೂವರ್ಟ್ ಎಂಬ ಪ್ರಖ್ಯಾತ ಚಾಲಕ ನಜ್ಜುಗುಜ್ಜಾದ ಕಾರಿನೊಳಗೆ, ಪೆಟ್ರೋಲಿನಲ್ಲಿ ನೆನೆಯುತ್ತ ಸಿಕ್ಕಿಬಿದ್ದರು. ಅವರನ್ನು ಬಿಡಿಸಲು ಸ್ಪ್ಯಾನರು ಬೇಕಾಯಿತು. ಅದನ್ನು ಪ್ರೇಕ್ಷಕನೊಬ್ಬನಿಂದ ಎರವಲು ತರಬೇಕಾಯಿತು. ಅಲ್ಲಿಂದ ಮುಂದೆ ಸೀಟಿನ ಪಟ್ಟಿ, ಸುರಕ್ಷಿತ ಅಂಚುಗಳು, ವೈದ್ಯಕೀಯ ನೆರವುಗಳಿಗಾಗಿ ಸ್ಟೂವರ್ಟ್ ಪಟ್ಟುಹಿಡಿದು ಹೋರಾಡಿದರು. ಹೇಡಿಯೆಂಬ ಟೀಕೆಗೂ ಅವರು ಬಗ್ಗಲಿಲ್ಲ. ಮೂರು ಬಾರಿ ವಿಶ್ವಚಾಂಪಿಯನ್ ಆದವರನ್ನು ಹೇಡಿಯೆಂದು ಕರೆದರೆ ಕರೆದವರೇ ಸಣ್ಣವರಾಗುತ್ತಾರೆ.

ನಮ್ಮ ದೇಶಕ್ಕೂ ಈ ಶಿಸ್ತು ಹೊಸದಲ್ಲ. ಮದರಾಸಿನ ಸಮೀಪದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ವರ್ಷಾನುವರ್ಷ ಓಟಗಳು ನಡೆದವು. 1953ರಲ್ಲಿ ಸ್ಥಾಪನೆಗೊಂಡ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಮುಂದೆ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಕಣವನ್ನೇ ಕಟ್ಟಿತು. 1990ರಲ್ಲಿ ಅದು ತೆರೆದುಕೊಂಡಿತು. ನಮಗೆ ಇನ್ನೂ ಹತ್ತಿರದ ಕೊಯಮತ್ತೂರಿನ ಬಳಿ, 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಕಣವಿದೆ. ನಿಜವಾಗಿ ವೇಗದ ಹಂಬಲವುಳ್ಳ ತರುಣನಿಗೆ ಕಾಸರಗೋಡಿನಿಂದ ರೈಲು ಹತ್ತಿದರೆ ಸಾಕು, ಅಲ್ಲಿಗೆ ತಲಪಬಹುದು.

ಇಷ್ಟೆಲ್ಲ ಹೇಳಿದ್ದು ನಮ್ಮ ರಸ್ತೆಯ ಮಾತಿಗೆ ಬರುವುದಕ್ಕಾಗಿಯೇ. ಸಂಜೆ ಮಳೆ ಸುರಿಯುತ್ತಿರುವಾಗ, ಒಂದೇ ಬೈಕಿನಲ್ಲಿ ಮೂವರು, ಹೆಲ್ಮೆಟ್ಟಿಲ್ಲದೆ, ಬಸ್ಸಿನೊಡನೆ ಪಂದ್ಯ ಕಟ್ಟುವ ಹುಡುಗರನ್ನು ಕಾಣದ ಓದುಗರು ಇರಲಾರರು. ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಬಳಿಕ ಇದಕ್ಕೆ ಮೂರು ತಿಂಗಳ ತನಕ ಸಜೆ ಅಥವಾ 5,000 ರೂಪಾಯಿಯ ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು ಇನ್ನೂ ಕಠಿನ. ಪ್ರಾಯಕ್ಕೆ ಬಾರದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲಿಕರಿಗೆ ಮೂರು ವರ್ಷದ ತನಕ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷವಾಗುವ ತನಕ ಲೈಸನ್ಸಿಲ್ಲ. ಮಗನ ಮೇಲಿನ ಮೋಹದಿಂದ ಕೀ ಕೊಡುವ ತಂದೆ ಅವನ ಏಳೆಂಟು ವರ್ಷಗಳನ್ನೂ ಕೊಟ್ಟುಬಿಟ್ಟಂತೆ.

ಆದರೆ ದಂಡದ ಭಯವೊಂದರಿಂದಲೇ ಈ ಪಿಡುಗು ನಿಲ್ಲುವುದೆಂದು ನಾವು ನಂಬುವುದಿಲ್ಲ. ವೇಗದ ಆಸೆ ಪ್ರಾಯದ ಸಹಜ ಗುಣ. ಅದನ್ನು ಗದರಿಸಿದರೆ ಅದು ಪೋಲೀಸರಿಲ್ಲದ ರಸ್ತೆಯನ್ನು ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ಕಣ, ಗುರು, ಕಟ್ಟಳೆಗಳನ್ನು ತೋರಿಸಿದರೆ ಅದೇ ಆಸೆ ಕೌಶಲವಾಗುತ್ತದೆ. ಕಂಬಳದ ಕೋಣಗಳಿಗೂ ಗದ್ದೆ ಉಂಟು. ಪೇಟೆಯ ಬೀದಿಯಲ್ಲಿ ಅವನ್ನು ಯಾರೂ ಓಡಿಸುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೆ. ಹೆತ್ತವರು ಲೈಸನ್ಸಿಲ್ಲದ ಮಕ್ಕಳ ಕೈಗೆ ಕೀ ಕೊಡಬಾರದು. ಲೈಸನ್ಸಿದ್ದವರ ಗಾಡಿಯ ಟಯರು, ಬ್ರೇಕುಗಳನ್ನು ಮಳೆಗಾಲಕ್ಕೆ ಮೊದಲೇ ನೋಡಿಸಬೇಕು. ಶಾಲೆಗಳಲ್ಲಿ ಭೌತಶಾಸ್ತ್ರದ ಅಧ್ಯಾಪಕರು ಚಲನಶಕ್ತಿಯ ಪಾಠದ ದಿನ ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದು 23 ಮೀಟರನ್ನೂ 73 ಮೀಟರನ್ನೂ ಅಳೆದು ತೋರಿಸಲಿ; ಹಗ್ಗವೊಂದಿದ್ದರೆ ಸಾಕು, ಖರ್ಚಿಲ್ಲ. ಯುವಕ ಸಂಘಗಳು ಗ್ಯಾರೇಜಿನ ಅನುಭವಿಗಳನ್ನು ಕೂಡಿಸಿ, ಓಟದ ಕಣದ ಮಾದರಿಯಲ್ಲಿ, ವರ್ಷಕ್ಕೊಮ್ಮೆ ಉಚಿತ ಗಾಡಿ ತಪಾಸಣೆ ನಡೆಸಲಿ. ಅಧಿಕಾರಿಗಳು ಬರೇ ಕ್ಯಾಮರಾ ಹಾಕಿ ದಂಡ ಎಣಿಸದೆ, ನೀರು ನಿಲ್ಲುವ ತಿರುವುಗಳನ್ನು ಮೊದಲು ಸರಿಪಡಿಸಲಿ.

ವಾಟ್ಕಿನ್ಸ್ ಗ್ಲೆನ್ನಿನ ಜನ ಎಚ್ಚತ್ತದ್ದು ಒಂದು ಮಗುವನ್ನು ಕಳಕೊಂಡ ಮೇಲೆ. ನಮಗೆ ಆ ಪಾಠ ಅಷ್ಟು ಬೆಲೆ ತೆರದೆಯೇ ದೊರಕುತ್ತಿದೆ. ಅದನ್ನು ಕಲಿಯಲು ಇನ್ನೊಂದು ಮಳೆಗಾಲ ಕಾಯುವ ಅಗತ್ಯವಿಲ್ಲ.