ಮೊಣಕಾಲಿನ ನೋವು ಮತ್ತು ನಮ್ಮ ಮೌನ

ಫಜ್ರ್ ನಮಾಝ್‌ಗಾಗಿ ಮನೆಯ ಹಿರಿಯರು ಹಾಸಿಗೆಯಿಂದ ಏಳುವ ಬಗೆಯನ್ನು ನಾವು ಎಂದಾದರೂ ಗಮನಿಸಿದ್ದೇವೆಯೇ? ಮೊದಲು ಮಂಚದ ಅಂಚಿನಲ್ಲಿ ಒಂದಿಷ್ಟು ಹೊತ್ತು ಕುಳಿತುಕೊಳ್ಳುತ್ತಾರೆ. ಮೊಣಕಾಲನ್ನು ಅಂಗೈಯಿಂದ ನೀವಿಕೊಳ್ಳುತ್ತಾರೆ. ಆಮೇಲೆ ಗೋಡೆ ಹಿಡಿದು ‘ಯಾ ಅಲ್ಲಾಹ್’ ಎನ್ನುತ್ತಾ ಎದ್ದು ನಿಲ್ಲುತ್ತಾರೆ. ಆ ಉದ್ಗಾರ ಕಿವಿಗೆ ಬಿದ್ದರೂ ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ಅದರಲ್ಲಿ ಪ್ರಾರ್ಥನೆಯೊಂದಿಗೆ ನೋವೂ ಬೆರೆತಿದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಕೇಳಿದರೆ ಅವರು ಹೇಳುವುದಿಲ್ಲ. “ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ” ಎಂದು ಮಾತು ಮುಗಿಸುತ್ತಾರೆ. ನಾವೂ ಅದನ್ನು ಅವರ ಸಹನೆಯೆಂದು ಕೊಂಡಾಡಿ ಸುಮ್ಮನಾಗುತ್ತೇವೆ. ಅವರ ಸಹನೆಯನ್ನು ಮೆಚ್ಚುವುದು ನಮಗೆ ಸುಲಭ; ಏಕೆಂದರೆ ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ.

ಸಹನೆಯೆಂದರೆ ನೋವನ್ನು ಬಚ್ಚಿಡುವುದಲ್ಲ. ಪ್ರವಾದಿ ಝಕರಿಯ್ಯಾ(ಅ)ರು ತನ್ನ ಪ್ರಭುವಿನ ಮುಂದೆ, ಎಲುಬುಗಳು ದುರ್ಬಲವಾಗಿವೆ, ತಲೆ ನರೆತಿದೆ ಎಂದು ನಿವೇದಿಸಿಕೊಂಡುದನ್ನು ಪವಿತ್ರ ಕುರ್‌ಆನ್ ‘ಮರ್ಯಮ್’ ಅಧ್ಯಾಯದಲ್ಲಿ ವಿವರಿಸಿದೆ. ಎಲುಬಿನ ದೌರ್ಬಲ್ಯವನ್ನು ಹೇಳಿಕೊಂಡುದರಿಂದ ಆ ಪ್ರವಾದಿಯ ವಿಶ್ವಾಸಕ್ಕೆ ಕುಂದುಂಟಾಗಲಿಲ್ಲ. ಔಷಧೋಪಚಾರ ಮಾಡಬಹುದೇ ಎಂದು ಜನರು ಕೇಳಿದಾಗ, ಚಿಕಿತ್ಸೆ ಪಡೆಯಿರಿ ಎಂದೇ ಪ್ರವಾದಿ ಮುಹಮ್ಮದ್(ಸ) ಆದೇಶಿಸಿದರು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನಿಟ್ಟಿದ್ದಾನೆ, ವೃದ್ಧಾಪ್ಯವೊಂದರ ಹೊರತು ಎಂಬ ವಿವರಣೆಯೂ ಆ ಹದೀಸ್‌ನಲ್ಲಿದೆ. ವೃದ್ಧಾಪ್ಯವನ್ನು ತಡೆಯಲಾಗದು, ನಿಜ. ಆದರೆ ವೃದ್ಧಾಪ್ಯದಲ್ಲಿ ಬರುವ ನೋವಿಗೆ ಮದ್ದಿಲ್ಲವೆಂದು ಅದರಿಂದ ಅರ್ಥೈಸುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಮಂದಿ ಕೀಲುಸವೆತದಿಂದ ಬಳಲುತ್ತಿದ್ದರು. ಅವರಲ್ಲಿ ನೂರಕ್ಕೆ 60ರಷ್ಟು ಮಂದಿ ಮಹಿಳೆಯರು. ಅತಿ ಹೆಚ್ಚು ಬಾಧೆಗೊಳಗಾಗುವುದು ಮೊಣಕಾಲು. ಅಂದರೆ ನಮ್ಮ ತಾಯಂದಿರು ಈ ನೋವನ್ನು ಹೆಚ್ಚಾಗಿ ಉಣ್ಣುತ್ತಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಉಂಡಾದ ಮೇಲೂ ಅಡುಗೆಮನೆಯಲ್ಲಿ ನಿಂತಿರುವವರು ಅವರೇ.

ಎಲುಬುಗಳ ತುದಿಯನ್ನು ಹೊದ್ದಿರುವ ಮೆದು ಎಲುಬು ಸವೆದಾಗ ಕೀಲು ಬಿಗಿಯುತ್ತದೆ, ನೋಯುತ್ತದೆ. ನೋಯುತ್ತದೆಂದು ಕಾಲನ್ನು ಆಡಿಸದೆ ಕುಳಿತರೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಕೀಲಿನ ಮೇಲಿನ ಹೊರೆ ಮತ್ತಷ್ಟು ಹೆಚ್ಚುತ್ತದೆ. ಆದ್ದರಿಂದ ಪೂರ್ಣ ವಿಶ್ರಾಂತಿ ಇದಕ್ಕೆ ಮದ್ದಲ್ಲ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಮೆಲ್ಲಗೆ ಇಳಿಸುವುದು ಸರಳ ವ್ಯಾಯಾಮ. ಒಂದೊಂದು ಕಾಲಿಗೆ ಹತ್ತು ಸಲ ಸಾಕು. ಸಮತಟ್ಟಾದ ನೆಲದಲ್ಲಿ ನಿತ್ಯ ನಡೆಯುವುದು, ಬಿಸಿನೀರಿನ ಶಾಖ ಕೊಡುವುದು ಕೂಡ ಹಿತಕರ. ಸ್ಥೂಲಕಾಯದವರ ತೂಕದಲ್ಲಿ ಒಂದು ಕಿಲೋ ಇಳಿದರೆ, ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ.

ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. ಎಲ್ಲ ಕೀಲುನೋವೂ ಸವೆತದಿಂದ ಬರುವುದಿಲ್ಲ. ಬೆಳಗಿನ ಬಿಗಿತ ಒಂದು ಗಂಟೆಗಿಂತ ಹೆಚ್ಚು ಹೊತ್ತು ಉಳಿದರೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡರೆ ಅದು ಬೇರೆ ಬಗೆಯ ಸಂಧಿವಾತವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೀಲು ಕೆಂಪಾಗಿ ಊದಿ ಜ್ವರವೂ ಬಂದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದು, ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವ ಅಭ್ಯಾಸ. ಅದು ಹೊಟ್ಟೆಯಲ್ಲಿ ಹುಣ್ಣನ್ನು ಉಂಟುಮಾಡಬಹುದು, ಮೂತ್ರಪಿಂಡವನ್ನು ಕೆಡಿಸಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಅಪಾಯ ಇನ್ನೂ ಹೆಚ್ಚು.

ಇನ್ನು ನಮಾಝ್‌ನ ವಿಷಯ. ಮಂಡಿ ಮಡಚಲಾಗದವರ ನಿಜವಾದ ದುಃಖ ಇರುವುದು ಇಲ್ಲಿ. ಐವತ್ತು ವರ್ಷ ನೆಲಕ್ಕೆ ಹಣೆಯಿಟ್ಟವರಿಗೆ ಇಂದು ಅದು ಸಾಧ್ಯವಾಗುತ್ತಿಲ್ಲ. ಕುರ್ಚಿಯಲ್ಲಿ ಕುಳಿತು ಸುಜೂದ್‌ಗಾಗಿ ಬಾಗುವಾಗ ಅವರ ಕಣ್ಣು ತುಂಬಿಕೊಳ್ಳುತ್ತದೆ. ಇದು ಸಂದಾಯವಾಗುತ್ತದೋ ಇಲ್ಲವೋ ಎಂಬ ಅಳುಕು ಅವರನ್ನು ಕಾಡುತ್ತದೆ. ಕೆಲವರಂತೂ ಸಂಕೋಚದಿಂದ ಮಸೀದಿಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಆದರೆ ಧರ್ಮವು ಅವರ ಮೇಲೆ ಈ ಭಾರವನ್ನು ಹೊರಿಸಿಲ್ಲ. ಅನಾರೋಗ್ಯದಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ)ರೊಂದಿಗೆ ಪ್ರವಾದಿ(ಸ) ಹೇಳಿದುದು ಇಷ್ಟೇ: ನಿಂತು ನಮಾಝ್ ಮಾಡಿ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ. ಸ್ವತಃ ಪ್ರವಾದಿ(ಸ) ಕುದುರೆಯಿಂದ ಬಿದ್ದು ಗಾಯಗೊಂಡಾಗ ಕುಳಿತೇ ನಮಾಝ್ ನಿರ್ವಹಿಸಿದ್ದರು. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲ ಕಾಯಿಲೆಯಲ್ಲೂ ದಾಖಲಾಗುತ್ತದೆಂದು ಅವರು ಶುಭವಾರ್ತೆಯಿತ್ತಿದ್ದಾರೆ. ಆ ಐವತ್ತು ವರ್ಷಗಳ ಸುಜೂದ್ ಎಲ್ಲಿಯೂ ಕಳೆದುಹೋಗಿಲ್ಲ ಎಂದು ನಮ್ಮ ಹಿರಿಯರಿಗೆ ಯಾರಾದರೂ ಹೇಳಬೇಡವೇ?

ಮಸೀದಿಗಳಲ್ಲಿ ಕುರ್ಚಿಗಳು ಹೆಚ್ಚುತ್ತಿವೆ, ಇದು ಸೋಮಾರಿತನ ಎಂಬ ಆಕ್ಷೇಪ ಕೇಳಿಬರುತ್ತಿದೆ. ಅಗತ್ಯವಿಲ್ಲದವರು ಕುರ್ಚಿ ಬಳಸಬಾರದೆಂಬ ಮಾತು ಸರಿಯೇ. ಯಾವ ಭಾಗವನ್ನು ನಿಂತು, ಯಾವುದನ್ನು ಕುಳಿತು ನಿರ್ವಹಿಸಬೇಕೆಂದು ವಿದ್ವಾಂಸರಲ್ಲಿ ಕೇಳಿ ತಿಳಿಯುವುದೂ ಅಗತ್ಯ. ಆದರೆ ಒಬ್ಬರ ಮೊಣಕಾಲಿನ ನೋವನ್ನು ಪಕ್ಕದಲ್ಲಿ ನಿಂತವರು ಅಳೆಯಲಾರರು. ಅದು ಅವರ ಮತ್ತು ಅಲ್ಲಾಹನ ನಡುವಿನ ವಿಷಯ. ನಮ್ಮ ಒಂದು ಓರೆನೋಟ ಒಬ್ಬ ವೃದ್ಧರನ್ನು ಮಸೀದಿಯಿಂದ ದೂರ ಮಾಡಿದರೆ ಅದರ ಹೊಣೆ ಯಾರದು?

ಕುರ್ಚಿಗಳನ್ನು ಎಣಿಸುವ ಬದಲು ನಮ್ಮ ಜಮಾಅತ್‌ಗಳು ಮೆಟ್ಟಿಲುಗಳನ್ನು ಎಣಿಸಲಿ. ವುಝೂ ಮಾಡುವಲ್ಲಿ ಎತ್ತರದ ಆಸನಗಳನ್ನೂ ಹಿಡಿದುಕೊಳ್ಳಲು ಸರಳನ್ನೂ ಜೋಡಿಸಿದರೆ, ಶೌಚಾಲಯಗಳಲ್ಲಿ ಒಂದಕ್ಕಾದರೂ ಕಮೋಡ್ ಹಾಕಿಸಿದರೆ ಎಷ್ಟೋ ಹಿರಿಯರು ಮರಳಿ ಬರುತ್ತಾರೆ. ಅಮೃತಶಿಲೆಯ ಮಿನಾರಕ್ಕೆ ಹಣ ಕೂಡಿಸಬಲ್ಲ ನಮಗೆ ಇದೇನೂ ದೊಡ್ಡ ಖರ್ಚಲ್ಲ. ಇಮಾಮತ್‌ನಲ್ಲಿ ದೀರ್ಘವಾಗಿ ಪಾರಾಯಣ ಮಾಡಿದ ಮುಆದ್(ರ)ರಿಗೆ, ಹಿಂದೆ ವೃದ್ಧರೂ ದುರ್ಬಲರೂ ಇದ್ದಾರೆಂದು ಪ್ರವಾದಿ(ಸ) ಎಚ್ಚರಿಸಿದುದು ನಮ್ಮೆಲ್ಲರಿಗೂ ಪಾಠವಾಗಲಿ.

ಮನೆಗಳಲ್ಲೂ ಕೆಲಸವಿದೆ. ಸ್ನಾನಗೃಹಕ್ಕೆ ಹಿಡಿಕೆ, ಅಡುಗೆಮನೆಯಲ್ಲಿ ಕುಳಿತು ತರಕಾರಿ ಹೆಚ್ಚಲು ಒಂದು ಎತ್ತರದ ಸ್ಟೂಲು, ಅಮ್ಮನ ಮಲಗುವ ಕೋಣೆ ಕೆಳ ಅಂತಸ್ತಿನಲ್ಲಿ, ವಾರಕ್ಕೊಮ್ಮೆಯಾದರೂ ಅಮ್ಮನ ಜೊತೆ ನಿಧಾನವಾಗಿ ಒಂದು ನಡಿಗೆ. ಹೆತ್ತವರು ವೃದ್ಧಾಪ್ಯವನ್ನು ತಲುಪಿದಾಗ ಕರುಣೆಯಿಂದ ವಿನಯದ ರೆಕ್ಕೆಯನ್ನು ಅವರಿಗಾಗಿ ತಗ್ಗಿಸಬೇಕೆಂದು ಕುರ್‌ಆನ್ ಬೋಧಿಸಿದೆ. ಆ ರೆಕ್ಕೆಯನ್ನು ತಗ್ಗಿಸುವುದೆಂದರೆ ಕೆಲವೊಮ್ಮೆ ನೆಲಕ್ಕೆ ಕುಳಿತು ಅವರ ಕಾಲಿಗೆ ಚಪ್ಪಲಿ ತೊಡಿಸುವುದು.

ನಾಳೆ ಫಜ್ರ್‌ನ ಹೊತ್ತಿಗೆ ‘ಯಾ ಅಲ್ಲಾಹ್’ ಎಂಬ ಆ ದನಿ ಮತ್ತೆ ಕೇಳಿಸಬಹುದು. ಆಗ ಮಗ್ಗುಲು ಬದಲಿಸದೆ ಎದ್ದು ಹೋಗಿ ಅವರಿಗೆ ಕೈ ಕೊಡೋಣ. ಜೀವಂತವಿದ್ದರೆ ನಾಳೆ ನಮ್ಮ ಮೊಣಕಾಲುಗಳೂ ಒಂದು ಆಸರೆಯನ್ನು ಹುಡುಕಲಿವೆ. ಅಲ್ಲಾಹನು ನಮ್ಮ ಹಿರಿಯರ ನೋವನ್ನು ನೀಗಿಸಲಿ, ಅವರ ಸೇವೆಯ ಸೌಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.