ಹರಾಜಿನ ಕೋಟಿ, ಟ್ರಯಲ್ಸ್ ಮೆಸೇಜ್, ಕ್ರೀಡಾ ಕೋಟಾ: ಆಟಗಾರರ ದುಡ್ಡಿನ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ಬೇಸಿಗೆ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೊನಲು ಬೆಳಕಿನ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳ ಬ್ಯಾನರ್‌ಗಳು ಏಳುತ್ತವೆ. ಆಟ ಮುಗಿದರೂ ಮಾತು ಮುಗಿಯುವುದಿಲ್ಲ. ‘ಆ ರೈಡರ್‌ನ ಮಂಗಳೂರು ಕಡೆ ಕಾಲೇಜಿನವರು ಎತ್ತಿಕೊಂಡು ಹೋದರಂತೆ’, ‘ಹರಾಜಿಗೆ ಹೋದರೆ ಎರಡು ಕೋಟಿಯಂತೆ’, ‘ಕಪ್ ಗೆದ್ದ ಸರ್ಟಿಫಿಕೇಟ್ ಇದ್ದರೆ ರೈಲ್ವೆಯಲ್ಲಿ ಕೆಲಸ ಗ್ಯಾರಂಟಿಯಂತೆ’. ಇಷ್ಟರಲ್ಲಿ ಮೊಬೈಲಿಗೊಂದು ಮೆಸೇಜ್ ಬಂದಿರುತ್ತದೆ: ದೊಡ್ಡ ಲೀಗ್‌ಗೆ ಗ್ರಾಮೀಣ ಪ್ರತಿಭೆಗಳ ಆಯ್ಕೆ, ಸೀಟುಗಳು ಸೀಮಿತ, ನೋಂದಣಿ ಶುಲ್ಕವನ್ನು ಈ ನಂಬರಿಗೆ ಕಳಿಸಿ.

ಈ ‘ಅಂತೆ’ಗಳಲ್ಲಿ ಪೂರ್ತಿ ಸುಳ್ಳು ಕಡಿಮೆ, ಅರ್ಧ ನಿಜ ಜಾಸ್ತಿ. ಪೂರ್ತಿ ಸುಳ್ಳನ್ನು ಜನ ಬೇಗ ಹಿಡಿಯುತ್ತಾರೆ. ಅರ್ಧ ನಿಜವನ್ನು ನಂಬಿ ಮಗನ ಓದು ಬಿಡಿಸಿದವರು, ಅಡಿಕೆ ಮಾರಿದ ದುಡ್ಡನ್ನು ಅಪರಿಚಿತರಿಗೆ ಕೊಟ್ಟವರು ನಮ್ಮ ನಡುವೆಯೇ ಇರಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಹರಾಜಿನಲ್ಲಿ ಕೋಟಿ ಸಿಗುತ್ತದೆಯೇ?

ಸಿಗುತ್ತದೆ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಶುರುವಾದಾಗ ಅತಿ ಹೆಚ್ಚು ಬೆಲೆ ಪಡೆದವರು ರಾಕೇಶ್ ಕುಮಾರ್, 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ 1.51 ಕೋಟಿಗೆ ಹೋದರು. 2023ರಲ್ಲಿ, ಹಿಂದೆ ಬೆಂಗಳೂರು ಬುಲ್ಸ್‌ನಲ್ಲಿ ಮಿಂಚಿದ್ದ ಪವನ್ ಸೆಹ್ರಾವತ್ ಅವರನ್ನು ತೆಲುಗು ಟೈಟನ್ಸ್ 2.605 ಕೋಟಿಗೆ ಕೊಂಡಿತು. ಒಂಬತ್ತು ವರ್ಷದಲ್ಲಿ ಗರಿಷ್ಠ ಬೆಲೆ 20 ಪಟ್ಟು ಏರಿದೆ.

ಆದರೆ ಫಾರ್ವರ್ಡ್‌ನಲ್ಲಿ ಬರುವುದು ಈ ಒಂದು ಸಂಖ್ಯೆ ಮಾತ್ರ. ಆ ಹರಾಜಿನಲ್ಲಿ ಒಂದು ತಂಡ ಆಟಗಾರರಿಗೆ ಖರ್ಚು ಮಾಡಬಹುದಾಗಿದ್ದ ಒಟ್ಟು ಹಣವೇ 5 ಕೋಟಿ. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಜನ ಇರಬೇಕು. ಒಬ್ಬರಿಗೇ 2.605 ಕೋಟಿ ಕೊಟ್ಟರೆ ಉಳಿಯುವುದು ಸುಮಾರು 2.4 ಕೋಟಿ. ಅದನ್ನು ಉಳಿದ 17 ಜನರಿಗೆ ಹಂಚಿದರೆ ಸರಾಸರಿ ತಲಾ 14 ಲಕ್ಷ. ಕೆಳಗಿನ ‘ಡಿ’ ವರ್ಗದ ಮೂಲಬೆಲೆ 9 ಲಕ್ಷ. ಇದು ತಿಂಗಳ ಸಂಬಳವಲ್ಲ, ಒಂದು ಸೀಸನ್ನಿನ ಮೊತ್ತ, ಅದೂ ತೆರಿಗೆಗೆ ಒಳಪಟ್ಟದ್ದು. 12 ತಂಡಗಳೂ ತಲಾ 25 ಜನರನ್ನು ತುಂಬಿಕೊಂಡರೂ ಇಡೀ ದೇಶಕ್ಕೆ, ವಿದೇಶಿಯರೂ ಸೇರಿ, 300 ಸ್ಥಾನ ಅಷ್ಟೆ.

ಐಪಿಎಲ್‌ನಲ್ಲೂ ಇದೇ ಕಥೆ. 2025ರ ಸೀಸನ್ನಿಗೆ ರಿಷಭ್ ಪಂತ್ ಬೆಲೆ 27 ಕೋಟಿ, ಕನಿಷ್ಠ ಮೂಲಬೆಲೆ 30 ಲಕ್ಷ. ಒಂದೇ ಹರಾಜಿನಲ್ಲಿ 90 ಪಟ್ಟು ವ್ಯತ್ಯಾಸ. ಅದೂ ಟೂರ್ನಿಗೆ ಲಭ್ಯರಿದ್ದರೆ ಮಾತ್ರ ಪೂರ್ತಿ ಹಣ.

ಹಾಗಿದ್ದರೂ ‘ಆಟಕ್ಕೆ ಇಳಿದವರೆಲ್ಲ ಕೋಟ್ಯಧಿಪತಿಗಳು’ ಎಂದು ನಮಗೇಕೆ ಅನ್ನಿಸುತ್ತದೆ? ಇದೊಂದು ಗೊತ್ತಿರುವ ಯೋಚನೆಯ ದೋಷ. ಗೆದ್ದವರು ಟಿವಿಯಲ್ಲಿ ಕಾಣುತ್ತಾರೆ. ಅಷ್ಟೇ ಬೆವರು ಸುರಿಸಿ, ಹರಾಜಿನಲ್ಲಿ ಯಾರೂ ಕೂಗದೆ ಊರಿಗೆ ಮರಳಿದವರು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಕಂಡವರನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಕಡೂರಿನ ಹುಡುಗಿಯ ಲೆಕ್ಕ

ದೂರದ ಉದಾಹರಣೆ ಬೇಡ. ಕಡೂರಿನಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿ 2011ರ ಜೂನ್ 30ರಂದು, ಇನ್ನೂ 18ರ ವಯಸ್ಸಿನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿ 51 ರನ್ ಹೊಡೆದರು. ಆಗ ಮಹಿಳಾ ಆಟಗಾರರಿಗೆ ಬಿಸಿಸಿಐನ ವಾರ್ಷಿಕ ಗುತ್ತಿಗೆ ಎಂಬುದೇ ಇರಲಿಲ್ಲ. ಅದು ಬಂದದ್ದು 2015ರಲ್ಲಿ. ದೇಶಕ್ಕೆ ಆಡಿದರೂ ಖಚಿತ ಆದಾಯ ಬೇಕೆಂದರೆ ನೌಕರಿಯೇ ದಾರಿಯಾಗಿತ್ತು. 2017ರ ವಿಶ್ವಕಪ್ ಫೈನಲ್‌ಗೆ ಹೋದ ಭಾರತದ 15 ಆಟಗಾರ್ತಿಯರಲ್ಲಿ 10 ಮಂದಿ ರೈಲ್ವೆ ನೌಕರರು. ವೇದಾ ಅವರಲ್ಲೊಬ್ಬರು. ಅದೇ ಟೂರ್ನಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು 45 ಎಸೆತಗಳಲ್ಲಿ 70 ರನ್ ಹೊಡೆದದ್ದನ್ನು ಕಡೂರಿನವರು ಮರೆತಿರಲಾರರು.

ಆ ವಿಶ್ವಕಪ್ ನಂತರ ದುಡ್ಡಿನ ಲೆಕ್ಕ ಬದಲಾಯಿತು. 2018ರಲ್ಲಿ ಬಿಸಿಸಿಐ ಮಹಿಳೆಯರ ಗುತ್ತಿಗೆಯನ್ನು ಎ, ಬಿ, ಸಿ ದರ್ಜೆಗೆ ಕ್ರಮವಾಗಿ 50, 30 ಮತ್ತು 10 ಲಕ್ಷಕ್ಕೆ ಏರಿಸಿತು. ವೇದಾ ‘ಬಿ’ಯಲ್ಲಿದ್ದರು. 2022ರ ಅಕ್ಟೋಬರ್‌ನಲ್ಲಿ ಪುರುಷ, ಮಹಿಳೆಯರ ಪಂದ್ಯ ಶುಲ್ಕ ಸಮನಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಆದರೆ ವಾರ್ಷಿಕ ಗುತ್ತಿಗೆಯ ಮೊತ್ತ ಸಮನಾಗಲಿಲ್ಲ. ‘ಎಲ್ಲ ಸಮಾನ ಆಯಿತು’ ಎಂದು ಬರುವ ಫಾರ್ವರ್ಡ್ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

2023ರ ಡಿಸೆಂಬರ್‌ನಲ್ಲಿ ನಡೆದ ಡಬ್ಲ್ಯುಪಿಎಲ್ ಹರಾಜಿನಲ್ಲಿ, ಭಾರತದ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿದ್ದ ವೇದಾ 30 ಲಕ್ಷದ ಮೂಲಬೆಲೆಗೆ ಗುಜರಾತ್ ಜೈಂಟ್ಸ್ ಸೇರಿದರು. ಅದೇ ದಿನ, ಭಾರತದ ಪರ ಇನ್ನೂ ಒಂದು ಪಂದ್ಯವನ್ನೂ ಆಡದ ಕರ್ನಾಟಕದ ವೃಂದಾ ದಿನೇಶ್ 1.3 ಕೋಟಿಗೆ ಯುಪಿ ವಾರಿಯರ್ಸ್ ಪಾಲಾದರು. ಇದರಲ್ಲಿ ಅನ್ಯಾಯ ಹುಡುಕಬೇಕಿಲ್ಲ. ಹರಾಜಿನ ಬೆಲೆ ಹಿಂದಿನ ಸಾಧನೆಗೆ ಕೊಡುವ ಅಂಕವಲ್ಲ. ಆ ದಿನ ಯಾವ ತಂಡಕ್ಕೆ ಯಾರ ಕೊರತೆ ಇದೆ, ಕೈಯಲ್ಲಿ ಎಷ್ಟು ಹಣ ಉಳಿದಿದೆ, ಎಷ್ಟು ಜನ ಪೈಪೋಟಿಗೆ ಬಿದ್ದರು ಎನ್ನುವುದರ ಮೇಲೆ ಅದು ನಿಂತಿರುತ್ತದೆ. ಮಾರುಕಟ್ಟೆಯಲ್ಲಿ ಅದೇ ತಳಿಯ ಅಡಿಕೆಗೆ ಒಂದು ವಾರ ಒಂದು ರೇಟು, ಮುಂದಿನ ವಾರ ಮತ್ತೊಂದು ರೇಟು ಸಿಗುವ ಹಾಗೆ. ವೇದಾ 2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದರು.

ಕಾಲೇಜುಗಳು ಆಟಗಾರರನ್ನು ‘ಕೊಳ್ಳುತ್ತವೆಯೇ’?

‘ಕೊಳ್ಳುವುದು’ ಎನ್ನುವುದು ಕಟ್ಟೆಯ ಮೇಲಿನ ಮಾತು. ಕೆಲವು ಖಾಸಗಿ ಕಾಲೇಜುಗಳು ಆಟಗಾರರನ್ನು ಹುಡುಕಿ ಸೇರಿಸಿಕೊಳ್ಳುವುದು ನಿಜ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಕ್ರೀಡಾ ದತ್ತು ಯೋಜನೆ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ಸಿಗುವುದು ಉಚಿತ ಓದು, ಹಾಸ್ಟೆಲ್, ಊಟ, ತರಬೇತಿ. ಸಂಬಳವಲ್ಲ. ಬಡ ಮನೆಯ ಹುಡುಗನಿಗೆ ಇದೇ ದೊಡ್ಡದು, ಅದನ್ನು ಲಕ್ಷ, ಕೋಟಿ ಎಂದು ಉಬ್ಬಿಸಬೇಕಾಗಿಲ್ಲ. ಸರ್ಕಾರದ ಕಡೆಯಿಂದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವು ನಿಗದಿಯಾಗಿತ್ತು. ಅದರಲ್ಲೂ ಕೈಗೆ ಬರುವುದು ತಿಂಗಳಿಗೆ 10,000 ರೂಪಾಯಿ. ಉಳಿದದ್ದು ತರಬೇತಿ, ಆಹಾರ, ಸಲಕರಣೆಯಂಥ ಖರ್ಚಿಗೆ.

‘ಅಮೆರಿಕದಲ್ಲಿ ಕಾಲೇಜು ಹುಡುಗರೇ ಕೋಟಿ ಎಣಿಸುತ್ತಾರೆ’ ಎಂಬ ಮೆಸೇಜ್ ಕೂಡ ಓಡಾಡುತ್ತದೆ. ಇದು ನಿಜವೇ, ಆದರೆ ತೀರಾ ಹೊಸದು. ಅಲ್ಲಿನ ಕಾಲೇಜು ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ ಲಕ್ಷ ಜನ ಸೇರುತ್ತಿದ್ದರೂ, ಆಟಗಾರರಿಗೆ ದಶಕಗಳ ಕಾಲ ಸಿಗುತ್ತಿದ್ದದ್ದು ಮುಖ್ಯವಾಗಿ ವಿದ್ಯಾರ್ಥಿವೇತನ. 2021ರ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಲು ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಯಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಆಟಗಾರರಿಗೂ ಸೇರಿ 2.05 ಕೋಟಿ ಡಾಲರ್ ಮಿತಿ. ನಮ್ಮ ಕಾಲೇಜು ಕ್ರೀಡೆಗೆ ಅಂಥ ಟಿವಿ ಹಕ್ಕಿನ ಆದಾಯ ಇಲ್ಲ. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಕಪ್ ಗೆದ್ದ ಸರ್ಟಿಫಿಕೇಟ್‌ಗೆ ಕೆಲಸ ಸಿಗುತ್ತದೆಯೇ?

ಊರಿನ ಪಂದ್ಯಾವಳಿಯ ಸರ್ಟಿಫಿಕೇಟ್‌ಗೆ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮದಲ್ಲಿ ಯಾವ ಮಟ್ಟದ ಆಟಕ್ಕೆ ಯಾವ ನಮೂನೆಯ ಪ್ರಮಾಣಪತ್ರ ಎಂದು ಬರೆದಿದೆ. ದೇಶವನ್ನು ಅಥವಾ ರಾಜ್ಯವನ್ನು ಪ್ರತಿನಿಧಿಸಿರಬೇಕು. ಇಲ್ಲವೇ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ವಿಶ್ವವಿದ್ಯಾಲಯದ ಪರ, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಶಾಲಾ ತಂಡದ ಪರ ಆಡಿರಬೇಕು.

ಇಲ್ಲಿಯೇ ನಮ್ಮ ಮಕ್ಕಳು ಒಂದು ಸಂಗತಿ ಗಮನಿಸಬೇಕು. ಈ ಭಾಗದ ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಅಂತರ ಕಾಲೇಜು ಕೂಟದಲ್ಲಿ ಚೆನ್ನಾಗಿ ಆಡಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ, ಅಂದರೆ ‘ಬ್ಲೂ’ ಆದರೆ, ಅಂತರ ವಿಶ್ವವಿದ್ಯಾಲಯ ಕೂಟದ ಬಾಗಿಲು ತೆರೆಯುತ್ತದೆ. ಹತ್ತು ಹೊನಲು ಬೆಳಕಿನ ಟ್ರೋಫಿಗಳಿಗಿಂತ ಆ ಒಂದು ಪ್ರಮಾಣಪತ್ರಕ್ಕೆ ತೂಕ ಹೆಚ್ಚು. ಕಾಲೇಜು ಬಿಟ್ಟರೆ ಈ ದಾರಿಯೂ ಮುಚ್ಚಿತು. ‘ಓದು ಬಿಡು, ಆಟ ನೋಡಿಕೋ’ ಎಂಬ ಸಲಹೆ ಅದಕ್ಕೇ ಅಪಾಯಕಾರಿ.

ಪ್ರಮಾಣಪತ್ರ ಇದ್ದರೂ ಕೆಲಸ ‘ಗ್ಯಾರಂಟಿ’ ಅಲ್ಲ. ಹುದ್ದೆಯ ಅಧಿಸೂಚನೆ ಹೊರಡಬೇಕು, ಅದರಲ್ಲಿ ನಿಮ್ಮ ಆಟ ಇರಬೇಕು, ವಯಸ್ಸು, ವಿದ್ಯಾರ್ಹತೆ ಹೊಂದಬೇಕು, ಟ್ರಯಲ್ಸ್‌ನಲ್ಲಿ ಆಡಿ ತೋರಿಸಬೇಕು.

ಟ್ರಯಲ್ಸ್ ಮೆಸೇಜ್ ಬಂದರೆ

ಮೋಸದ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಸಣ್ಣ ನೋಂದಣಿ ಶುಲ್ಕ. ನಂತರ ‘ಆಯ್ಕೆಯಾಗಿದ್ದೀರಿ’ ಎಂಬ ಪತ್ರ. ಆಮೇಲೆ ಕಿಟ್, ಕ್ಯಾಂಪ್, ವಿಮೆ ಎಂದು ಇನ್ನಷ್ಟು ಹಣ. ‘ಈಗಾಗಲೇ ಇಷ್ಟು ಕೊಟ್ಟಿದ್ದೇವೆ, ಇನ್ನೊಂದಿಷ್ಟು ಕೊಟ್ಟರೆ ಆಗಿಹೋಗುತ್ತೆ’ ಎಂದು ಮನೆಯವರಿಗೆ ಅನ್ನಿಸುತ್ತದೆ. ಮೋಸಗಾರರು ನೆಚ್ಚಿಕೊಳ್ಳುವುದು ಇದನ್ನೇ.

ಹಣ ಕಳಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಈ ಆಯ್ಕೆಯ ಸುದ್ದಿ ಆ ಲೀಗ್, ಸಂಸ್ಥೆ ಅಥವಾ ಇಲಾಖೆಯ ಸ್ವಂತ ವೆಬ್‌ಸೈಟಿನಲ್ಲಿದೆಯೇ? ಲೋಗೋ ಯಾರು ಬೇಕಾದರೂ ಅಂಟಿಸಬಹುದು.

2. ಹಣ ಹೋಗುವುದು ಯಾರ ಹೆಸರಿಗೆ? ಸರ್ಕಾರಿ ನೇಮಕಾತಿಗೂ ಅರ್ಜಿ ಶುಲ್ಕ ಇರುತ್ತದೆ, ಆದರೆ ಅದು ವ್ಯಕ್ತಿಯೊಬ್ಬರ ಯುಪಿಐ ನಂಬರಿಗೆ ಹೋಗುವುದಿಲ್ಲ. ರೈಲ್ವೆಯ ಕ್ರೀಡಾ ಕೋಟಾದಲ್ಲಂತೂ ಟ್ರಯಲ್ಸ್‌ಗೆ ಹಾಜರಾದವರಿಗೆ ಶುಲ್ಕದ ಬಹುಪಾಲು ವಾಪಸ್ ಬರುವ ನಿಯಮವಿದೆ.

3. ಆಟ ನೋಡುವ ಮೊದಲೇ ‘ಆಯ್ಕೆ ಖಚಿತ’ ಎನ್ನುತ್ತಿದ್ದಾರೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

4. ವಯಸ್ಸು ಕಡಿಮೆ ತೋರಿಸಲು ಹೇಳುತ್ತಿದ್ದಾರೆಯೇ? 16 ವರ್ಷದೊಳಗಿನ ಹುಡುಗರ ಕ್ರಿಕೆಟ್‌ನಲ್ಲಿ ಬಿಸಿಸಿಐ ಕೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸು ಅಂದಾಜು ಮಾಡುತ್ತದೆ. ದಾಖಲೆ ತಿದ್ದಿದ್ದು ಸಿಕ್ಕಿದರೆ ಎರಡು ವರ್ಷ ನಿಷೇಧ. ಆಗ ಹುಡುಗನ ಆಟವೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಹಣ ಕಳಿಸಿ ಆಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೆಸೇಜ್, ಪಾವತಿಯ ವಿವರವನ್ನು ಅಳಿಸದೆ ಇಟ್ಟುಕೊಳ್ಳಿ.

ಹಾಗಾದರೆ ಮಗನನ್ನೋ ಮಗಳನ್ನೋ ಆಟಕ್ಕೆ ಕಳಿಸಬಾರದೇ? ಖಂಡಿತ ಕಳಿಸಿ. ಕಡೂರಿನಿಂದ ಹೊರಟ ಹುಡುಗಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದ್ದು ಸುಳ್ಳಲ್ಲ. ಆದರೆ ಆ ದಾರಿಯಲ್ಲಿ ವರ್ಷಗಳ ತರಬೇತಿ ಇತ್ತು, ರಾಜ್ಯ ತಂಡ ಇತ್ತು, ಜೊತೆಗೊಂದು ನೌಕರಿಯೂ ಇತ್ತು. ಮುಂದಿನ ಸಲ ‘ನಮ್ಮ ಕಡೆ ಹುಡುಗನಿಗೆ ಎರಡು ಕೋಟಿಯಂತೆ’ ಎಂಬ ಮೆಸೇಜ್ ಗ್ರೂಪಿಗೆ ಬಂದಾಗ, ‘ಉಳಿದ ಹದಿನೇಳು ಜನರಿಗೆ ಎಷ್ಟು, ಅಣ್ಣ?’ ಎಂದು ಒಮ್ಮೆ ಕೇಳಿ ನೋಡಿ.